ಸುಂಕದ ಕಟ್ಟೆಯ ಬೆಳಗು: ತೆರಿಗೆಯ ವಂಚನೆ ಮತ್ತು ತೆರಿಗೆಯ ತಪ್ಪು

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಸುಂಕದವನಿಗೆ ಸರಕಿನ ತೂಕ ತಿಳಿದರೆ ಸಾಕು, ಹೊತ್ತು ತಂದವನ ಕಥೆ ಬೇಡ ಎಂಬುದು ಅದರ ಇಂಗಿತ. ಸಂಸ್ಕೃತದ ತರ್ಕಗ್ರಂಥಗಳಲ್ಲಿ ಇದಕ್ಕೆ ಜೋಡಿಯಾಗಿ ನಿಲ್ಲಬಲ್ಲ ಒಂದು ಲೌಕಿಕ ನ್ಯಾಯವಿದೆ: ಘಟ್ಟಕುಟೀಪ್ರಭಾತನ್ಯಾಯ. ಸುಂಕ ತಪ್ಪಿಸಲೆಂದು ಇರುಳಿನಲ್ಲಿ ಅಡ್ಡದಾರಿ ಹಿಡಿದ ವರ್ತಕನೊಬ್ಬ ಕತ್ತಲೆಯಲ್ಲಿ ಅಲೆದಲೆದು, ಬೆಳಗಾದಾಗ ನೋಡಿದರೆ ಸುಂಕದ ಕಟ್ಟೆಯ ಬಾಗಿಲಲ್ಲೇ ನಿಂತಿರುತ್ತಾನೆ. ತಾನು ನಿರಾಕರಿಸಹೊರಟ ಸಿದ್ಧಾಂತಕ್ಕೇ ಮರಳಿ ಬಂದು ಬೀಳುವ ಪ್ರತಿವಾದಿಯನ್ನು ಗೇಲಿ ಮಾಡಲು ತಾರ್ಕಿಕರು ಈ ನ್ಯಾಯವನ್ನು ಬಳಸುತ್ತಾರೆ. ಆದರೆ ಅದು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ಅದೇ ಬೆಳಗಿನಲ್ಲಿ, ಅದೇ ಕಟ್ಟೆಗೆ, ನಿಜವಾಗಿಯೂ ದಾರಿ ತಪ್ಪಿದ ಇನ್ನೊಬ್ಬ ವರ್ತಕನೂ ಬಂದು ನಿಂತಿದ್ದರೆ? ಇಬ್ಬರ ಕಾಲಿಗೂ ಅಂಟಿದ ಧೂಳು ಒಂದೇ. ಇಬ್ಬರನ್ನೂ ಬೇರ್ಪಡಿಸಿ ನೋಡುವುದು ಹೇಗೆ, ಹಾಗೆ ನೋಡುವ ಹೊಣೆ ಯಾರದು?

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಎಂಬ ಬಡಾವಣೆ ಇಂದಿಗೂ ಇದೆ. ಕಟ್ಟೆ ಹೋದರೂ ಹೆಸರು ಉಳಿದಿದೆ. ಅಲ್ಲಿಂದ ಉತ್ತರಕ್ಕೆ ಪೀಣ್ಯ ಕೈಗಾರಿಕಾ ಪ್ರದೇಶ, ಅದನ್ನು ದಾಟಿದರೆ ತುಮಕೂರು ರೈಲುಮಾರ್ಗದ ಮೇಲಿನ ಚಿಕ್ಕಬಾಣಾವರ. ಈ ವಲಯದ ವ್ಯಾಪಾರದ ಬಹುಪಾಲು ‘ಜಾಬ್ ವರ್ಕ್’. ಒಬ್ಬರ ಉಕ್ಕು ಮತ್ತೊಬ್ಬರ ಲೇತಿಗೆ ಹೋಗುತ್ತದೆ, ಅಲ್ಲಿಂದ ಮೂರನೆಯವರ ಪ್ಲೇಟಿಂಗ್ ತೊಟ್ಟಿಗೆ, ಕೊನೆಗೆ ಮರಳಿ ಮೊದಲಿನವರಿಗೆ. ಸರಕಿನ ಜೊತೆಗೆ ಹೋಗುವುದು ಬಿಲ್ಲಲ್ಲ, ಡೆಲಿವರಿ ಚಲನ್. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 143ನೆಯ ಕಲಮಿನ ಪ್ರಕಾರ ಹೀಗೆ ಕಳುಹಿಸಿದ ಕಚ್ಚಾ ಸರಕು ಒಂದು ವರ್ಷದೊಳಗೆ ಹಿಂತಿರುಗಬೇಕು. ತಿರುಗದಿದ್ದರೆ, ಕಳುಹಿಸಿದ ದಿನವೇ ಅದನ್ನು ಮಾರಲಾಯಿತೆಂದು ಕಾನೂನು ಭಾವಿಸುತ್ತದೆ. ತೆರಿಗೆಯ ಮೇಲೆ ಬಡ್ಡಿಯೂ ಬೆಳೆಯುತ್ತದೆ. ತುಕ್ಕು ಹಿಡಿದ ಸರಳುಗಳ ಕಟ್ಟೊಂದು ಶೆಡ್ಡಿನ ಮೂಲೆಯಲ್ಲಿ ಹದಿಮೂರು ತಿಂಗಳು ಮರೆತು ಬಿದ್ದಿದ್ದರೆ ಅದು ಮರೆವೇ, ಮಾರಾಟವನ್ನು ಮುಚ್ಚಿಟ್ಟ ಚಾತುರ್ಯವೇ? ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ.

ಪ್ರಶ್ನೆ ಹೊಸದಲ್ಲ. 1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಮುದ್ರಿಸಿ ಹೊರತಂದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನ ಪ್ರಕರಣವಿದೆ. ಕೋಟೆಯ ಬಾಗಿಲಲ್ಲಿ ನಿಂತ ಸರಕಿನ ಮುದ್ರೆಯನ್ನು ಅಧಿಕಾರಿಗಳು ಪರೀಕ್ಷಿಸುವಾಗ ದಂಡಗಳು ಒಂದೇ ಅಳತೆಯವಲ್ಲ. ಮುದ್ರೆಯೇ ಇಲ್ಲದ ಸರಕಿಗೆ ಕೊಡಬೇಕಾದುದರ ಎರಡರಷ್ಟು. ಕೂಟಮುದ್ರೆ, ಅಂದರೆ ಖೋಟಾ ಮುದ್ರೆ ಹಾಕಿದ್ದರೆ ಸುಂಕದ ಎಂಟರಷ್ಟು. ಮುದ್ರೆ ಒಡೆದುಹೋಗಿದ್ದರೆ ಹಣದ ದಂಡವಿಲ್ಲ. ವರ್ತಕನನ್ನು ಘಟಿಕಾಸ್ಥಾನದಲ್ಲಿ ತಡೆದು ನಿಲ್ಲಿಸುವುದಷ್ಟೇ. ಕೌಟಿಲ್ಯನು ಕರುಣಾಳು ಎಂದು ಯಾರೂ ಹೇಳಲಾರರು. ವರ್ತಕರನ್ನು ಹೆಸರಿಲ್ಲದ ಕಳ್ಳರ ಸಾಲಿಗೆ ಸೇರಿಸಿದವನು ಅವನು. ಆದರೂ ದಾರಿಯಲ್ಲಿ ಗಾಡಿ ಕುಲುಕಿ ಮುದ್ರೆ ಬಿರಿಯಬಹುದು, ಆದರೆ ಖೋಟಾ ಮುದ್ರೆಯನ್ನು ಯಾರಾದರೂ ಕೂತು ಕೆತ್ತಲೇಬೇಕು ಎಂಬ ವ್ಯತ್ಯಾಸವನ್ನು ಅವನು ಮರೆಯಲಿಲ್ಲ. ಉದ್ದೇಶವನ್ನು ಮನಸ್ಸಿನೊಳಗೆ ಇಣುಕಿ ಅಳೆಯುವುದರ ಬದಲು ಮುದ್ರೆಯ ಸ್ಥಿತಿಯಿಂದಲೇ ಊಹಿಸುವ ವ್ಯವಹಾರಕುಶಲ ಮಾರ್ಗವಿದು.

ಎರಡು ಸಾವಿರ ವರ್ಷಗಳ ತರುವಾಯ ತುಮಕೂರು ಹೆದ್ದಾರಿಯಲ್ಲಿ ಓಡುವ ಲಾರಿಗೆ ಮುದ್ರೆಯ ಬದಲು ಇ-ವೇ ಬಿಲ್ ಇದೆ. ಜಿಎಸ್‌ಟಿಯ ಮೊದಲ ದಿನಗಳಲ್ಲಿ ವಾಹನಸಂಖ್ಯೆಯ ಒಂದು ಅಂಕೆ ಹೆಚ್ಚುಕಡಿಮೆಯಾದರೂ 129ನೆಯ ಕಲಮಿನಡಿ ಲಾರಿಯನ್ನು ನಿಲ್ಲಿಸಿ, ತೆರಿಗೆಯ ಜೊತೆಗೆ ಅಷ್ಟೇ ಮೊತ್ತದ ದಂಡವನ್ನು ಕೇಳಲು ಅವಕಾಶವಿತ್ತು. 2018ರ ಸೆಪ್ಟೆಂಬರ್ 14ರಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ ಸುತ್ತೋಲೆಯೊಂದನ್ನು ಹೊರಡಿಸಿತು. ಹೆಸರಿನ ಕಾಗುಣಿತದ ತಪ್ಪು, ಪಿನ್‌ಕೋಡಿನ ತಪ್ಪು, ವಾಹನಸಂಖ್ಯೆಯಲ್ಲಿ ಒಂದೆರಡು ಅಂಕೆಗಳ ವ್ಯತ್ಯಾಸ ಮುಂತಾದವಕ್ಕೆ 129ನೆಯ ಕಲಮನ್ನು ಹೂಡಬಾರದು. ಕೇಂದ್ರಕ್ಕೆ 500, ರಾಜ್ಯಕ್ಕೆ 500 ರೂಪಾಯಿ ದಂಡ ಸಾಕು ಎಂದಿತು. ಒಡೆದ ಮುದ್ರೆಯನ್ನೂ ಕೂಟಮುದ್ರೆಯನ್ನೂ ಮತ್ತೆ ಬೇರೆಬೇರೆ ಮಾಡಿದಂತಾಯಿತು. ಆ ವಿವೇಕ ಕಾಯಿದೆಯ ಮೂಲಪಾಠದಲ್ಲಿ ಬರದೆ ಸುತ್ತೋಲೆಯಾಗಿ ಬಂತೆಂಬುದು ಗಮನಿಸತಕ್ಕದ್ದು.

ಕನ್ನಡ ನೆಲದಲ್ಲಿ ಈ ವಿಚಾರವನ್ನು ಶಾಸ್ತ್ರವಾಗಿ ಬೆಳೆಸಿದವನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯಲ್ಲಿ ರಾಜನ ಸುಂಕ ಬೆಲೆಯ ಇಪ್ಪತ್ತನೆಯ ಒಂದು ಭಾಗ. ಸರಕಿನ ಪ್ರಮಾಣವನ್ನು ಸುಳ್ಳು ಹೇಳಿದವನಿಗೂ ಸುಂಕದ ಠಾಣೆಯಿಂದ ಜಾರಿಕೊಂಡವನಿಗೂ ಕಪಟದಿಂದ ಕೊಂಡು ಮಾರಿದವನಿಗೂ ಎಂಟುಪಟ್ಟು ದಂಡ. ನೂರು ಪಣದ ಸರಕಿಗೆ ಐದು ಪಣ ಸುಂಕ, ಕಪಟಕ್ಕೆ ನಲವತ್ತು ಪಣ ದಂಡ ಎಂದಾಯಿತು. ಇಂದಿನ ಜಿಎಸ್‌ಟಿಯಲ್ಲಿ ವಂಚನೆಗೆ ದಂಡ ತೆರಿಗೆಯಷ್ಟೇ. ಆ ಲೆಕ್ಕದಲ್ಲಿ ಪ್ರಾಚೀನರೇ ಕಠಿನರು. ಆದರೆ ಆ ಸಾಲಿನಲ್ಲಿ ಹೆಸರಿಸಿದ ಮೂರೂ ಕ್ರಿಯೆಗಳು ಮನಸ್ಸು ಮಾಡಿ ಮಾಡುವಂಥವು. ಅದೇ ಸ್ಮೃತಿಯ ರಾಜಧರ್ಮ ಪ್ರಕರಣವು ಅಪರಾಧ, ದೇಶ, ಕಾಲ, ಶಕ್ತಿ, ವಯಸ್ಸು, ವೃತ್ತಿ, ಸಂಪತ್ತುಗಳನ್ನು ಅರಿತ ಮೇಲೆಯೇ ದಂಡ ವಿಧಿಸಬೇಕೆನ್ನುತ್ತದೆ. ಯಶಸ್ತಿಲಕದ ಕರ್ತೃ ಸೋಮದೇವಸೂರಿ ತನ್ನ ನೀತಿವಾಕ್ಯಾಮೃತದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಪಂಪನಿಗೆ ಆಶ್ರಯವಿತ್ತ ವೇಮುಲವಾಡದ ಚಾಲುಕ್ಯ ಮನೆತನದ ನೆರಳಿನಲ್ಲೇ ಯಶಸ್ತಿಲಕವನ್ನು ಬರೆದ ಈ ಜೈನ ಮುನಿಗೆ ದಂಡವೆಂಬುದು ವೈದ್ಯಶಾಸ್ತ್ರದಂತೆ ದೋಷವನ್ನು ಶುದ್ಧಿಗೊಳಿಸುವ ಸಾಧನ. ದೋಷಕ್ಕೆ ತಕ್ಕಷ್ಟೇ ಅದರ ಪ್ರಮಾಣ. ಪ್ರಜೆಗಳ ರಕ್ಷಣೆ ಅದರ ಗುರಿಯೇ ಹೊರತು ಬೊಕ್ಕಸದ ಭರ್ತಿಯಲ್ಲ. ದಂಡವು ವರಮಾನದ ಬಾಬಾದ ಕೂಡಲೇ ದಂಡ ವಿಧಿಸುವವನಿಗೆ ತಪ್ಪುಗಳೆಲ್ಲ ವಂಚನೆಗಳಾಗಿ ಕಾಣತೊಡಗುತ್ತವೆಂಬುದನ್ನು ಸೋಮದೇವ ಕಂಡಿದ್ದನೆಂದು ತೋರುತ್ತದೆ.

ಜೈನ ಶ್ರಾವಕಾಚಾರಗಳತ್ತ ಹೊರಳಿದರೆ ಮಾತು ಅರಸನಿಂದ ವರ್ತಕನ ಕಡೆಗೆ ಸರಿಯುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಒಂದು ವಿರುದ್ಧರಾಜ್ಯಾತಿಕ್ರಮ. ಇಂದಿನ ಪ್ರವಚನಗಳಲ್ಲಿ ಇದನ್ನು ನೇರವಾಗಿ ‘ತೆರಿಗೆಗಳ್ಳತನ’ ಎಂದು ಅನುವಾದಿಸುವ ರೂಢಿ ಬೆಳೆದಿದೆ. ಪೂಜ್ಯಪಾದರ ಸರ್ವಾರ್ಥಸಿದ್ಧಿಯನ್ನು ತೆರೆದು ನೋಡಿದವರು ಸ್ವಲ್ಪ ತಡೆಯಬೇಕಾಗುತ್ತದೆ. ಅಲ್ಲಿ ಮಾತು ವಿರುದ್ಧವಾದ, ಕಲಹಗ್ರಸ್ತವಾದ ರಾಜ್ಯದಲ್ಲಿ ಬೆಲೆಬಾಳುವ ಸರಕನ್ನು ಅಗ್ಗಕ್ಕೆ ಪಡೆಯುವ ಪ್ರಯತ್ನದ್ದು. ಸಮಂತಭದ್ರರು ರತ್ನಕರಂಡಕದಲ್ಲಿ ಇದೇ ಸ್ಥಾನಕ್ಕೆ ‘ವಿಲೋಪ’ ಎಂಬ ಪದವನ್ನಿಡುತ್ತಾರೆ. ರಾಜ್ಯದ ನಿಯಮವನ್ನು ಮೀರುವುದು, ಸುಂಕ ತಪ್ಪಿಸುವುದು ಎಂಬ ಅರ್ಥ ಮುಂದಿನ ವಿವರಣೆಗಳಲ್ಲಿ ವಿಸ್ತಾರಗೊಂಡುದು. ವಿಸ್ತಾರ ತಪ್ಪಲ್ಲ, ಆದರೆ ಅದು ವಿಸ್ತಾರವೆಂಬ ಅರಿವು ವಿದ್ಯಾರ್ಥಿಗಳಿಗಿರಬೇಕು.

ಹೆಚ್ಚು ಕುತೂಹಲದ ಸಂಗತಿ ಬೇರೆ. ಇದು ವ್ರತಭಂಗವಲ್ಲ, ಅತಿಚಾರ ಮಾತ್ರ ಏಕೆ? ಕದ್ದರೆ ವ್ರತ ಮುರಿಯಿತು. ಸುಂಕ ತಪ್ಪಿಸಿದರೆ ಏಕೆ ಮುರಿಯಲಿಲ್ಲ? ಹೇಮಚಂದ್ರನ ಯೋಗಶಾಸ್ತ್ರದ ಸ್ವೋಪಜ್ಞವೃತ್ತಿಯೂ ಅದೇ ಜಾಡಿನಲ್ಲಿ ಆಶಾಧರನ ಸಾಗಾರಧರ್ಮಾಮೃತವೂ ಕೊಡುವ ಉತ್ತರ ಮನೋವಿಜ್ಞಾನದ್ದು. ಹಾಗೆ ಮಾಡುವ ವರ್ತಕ ತಾನು ವ್ಯಾಪಾರ ಮಾಡುತ್ತಿದ್ದೇನೆ, ಕಳ್ಳತನವನ್ನಲ್ಲ ಎಂದೇ ಭಾವಿಸಿರುತ್ತಾನೆ. ಲೋಕವೂ ಅವನನ್ನು ಕಳ್ಳನೆಂದು ಕರೆಯುವುದಿಲ್ಲ. ವ್ರತದ ಅಪೇಕ್ಷೆ ಒಳಗೆ ಉಳಿದಿದೆ, ಹೊರಗೆ ಹರಿದಿದೆ. ಪೀಣ್ಯದಲ್ಲಾಗಲಿ ಚಿಕ್ಕಪೇಟೆಯಲ್ಲಾಗಲಿ ‘ಬಿಲ್ ಬೇಕೋ, ಬೇಡವೋ’ ಎಂದು ಗಿರಾಕಿಯನ್ನು ಸಹಜವಾಗಿ ಕೇಳುವ ದನಿಯನ್ನು ಕೇಳಿದವರಿಗೆ ಈ ವಿಶ್ಲೇಷಣೆಯ ನಿಖರತೆ ಅರಿವಾಗುತ್ತದೆ. ಆಚಾರ್ಯರು ಆ ಭಾವನೆಯನ್ನು ಕ್ಷಮೆಯಾಗಿ ಒಪ್ಪಲಿಲ್ಲ, ದೋಷವೆಂದೇ ಎಣಿಸಿದರು. ಆದರೆ ಹಗಲುದರೋಡೆಯ ಪಂಕ್ತಿಯಲ್ಲಿ ಕೂರಿಸಲೂ ಇಲ್ಲ.

ಅರಿತು ಮಾಡಿದ್ದು, ಅರಿಯದೆ ಮಾಡಿದ್ದು ಎಂಬ ಭೇದ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿದೆ. ಕರ್ಮಾಸ್ರವದ ತಾರತಮ್ಯಕ್ಕೆ ಅದು ಎಣಿಸುವ ಕಾರಣಗಳಲ್ಲಿ ತೀವ್ರ, ಮಂದ ಭಾವಗಳ ಬೆನ್ನಿಗೇ ಜ್ಞಾತ, ಅಜ್ಞಾತ ಭಾವಗಳು ಬರುತ್ತವೆ. ಪೂಜ್ಯಪಾದರ ವಿವರಣೆಯಲ್ಲಿ ಅಜ್ಞಾತವೆಂದರೆ ಮದದಿಂದಲೋ ಪ್ರಮಾದದಿಂದಲೋ ತಿಳಿಯದೆ ತೊಡಗಿದ್ದು. ಆದ್ದರಿಂದ ಅಜ್ಞಾತ ಎಂದರೆ ನಿರ್ದೋಷ ಎಂದಲ್ಲ. ಎಚ್ಚರ ತಪ್ಪಿದ್ದಕ್ಕೂ ಫಲವಿದೆ, ಆದರೆ ಬೇರೆ ಫಲ. ಶ್ವೇತಾಂಬರ ಆಗಮವಾದ ಸ್ಥಾನಾಂಗವು ದೋಷಸೇವನೆಯ ಹತ್ತು ಬಗೆಗಳನ್ನು ಎಣಿಸುವಾಗ ದರ್ಪದಿಂದ ಮಾಡಿದ್ದು, ಪ್ರಮಾದದಿಂದ ಮಾಡಿದ್ದು, ಅನಾಭೋಗದಿಂದ ಅಂದರೆ ಲಕ್ಷ್ಯವಿಲ್ಲದೆ ಮಾಡಿದ್ದು, ಭಯದಿಂದ ಮಾಡಿದ್ದು ಎಲ್ಲವನ್ನೂ ಪ್ರತ್ಯೇಕವಾಗಿಯೇ ಇಡುತ್ತದೆ.

ದೋಷವನ್ನು ತಾನಾಗಿ ಒಪ್ಪಿಕೊಳ್ಳುವವನ ವಿಷಯದಲ್ಲಂತೂ ಆರಾಧನಾ ಗ್ರಂಥಗಳ ಸೂಕ್ಷ್ಮತೆ ಬೆರಗು ಹುಟ್ಟಿಸುತ್ತದೆ. ವಡ್ಡಾರಾಧನೆಯ ಕಥೆಗಳ ಬೇರು ಇರುವುದು ಶಿವಾರ್ಯರ ಭಗವತೀ ಆರಾಧನೆಯಲ್ಲಿ. ಕನ್ನಡದ ವಿದ್ಯಾರ್ಥಿಗಳು ಆ ಗ್ರಂಥವನ್ನು ಕಥೆಗಳ ಆಕರವೆಂದಷ್ಟೇ ಬಲ್ಲರು. ಆಲೋಚನೆಯ, ಅಂದರೆ ಗುರುವಿನ ಮುಂದೆ ತಪ್ಪೊಪ್ಪಿಗೆಯ ಹತ್ತು ದೋಷಗಳ ಚರ್ಚೆಯೂ ಅದರಲ್ಲಿದೆ. ಸೇವೆ ಮಾಡಿ ಗುರುವಿನ ಕನಿಕರ ಗಿಟ್ಟಿಸಿಕೊಂಡು ಹೇಳುವುದು ಒಂದು ದೋಷ. ಬೇರೆಯವರ ಕಣ್ಣಿಗೆ ಬಿದ್ದುದನ್ನು ಮಾತ್ರ ಹೇಳಿ ಉಳಿದುದನ್ನು ನುಂಗುವುದು ಮತ್ತೊಂದು. ದೊಡ್ಡದನ್ನು ಬಚ್ಚಿಟ್ಟು ಚಿಕ್ಕದನ್ನು ಒಪ್ಪಿಕೊಳ್ಳುವುದು, ‘ಇಂಥದ್ದನ್ನು ಯಾರಾದರೂ ಮಾಡಿದ್ದರೆ ಏನು ಪ್ರಾಯಶ್ಚಿತ್ತ?’ ಎಂದು ಮರೆಯಲ್ಲಿ ಕೇಳುವುದು, ಹಗುರವಾದ ಉತ್ತರ ಸಿಗುವವರೆಗೆ ಹಲವು ಆಚಾರ್ಯರ ಬಳಿ ಅಲೆಯುವುದು ಇವೂ ಆ ಪಟ್ಟಿಯಲ್ಲಿವೆ. ಲೆಕ್ಕಪರಿಶೋಧಕರ ಕಚೇರಿಗಳ ಹೊರಗಿನ ಬೆಂಚುಗಳಲ್ಲಿ ಕುಳಿತವರ ಪರಿಚಯ ಶಿವಾರ್ಯರಿಗೆ ಇದ್ದಿರಲಾರದು. ಆದರೂ ಒಂದನ್ನೂ ಬಿಟ್ಟಿಲ್ಲ.

ಜಿಎಸ್‌ಟಿ ಕಾಯಿದೆಯ 73 ಮತ್ತು 74ನೆಯ ಕಲಮುಗಳನ್ನು ಈ ಬೆಳಕಿನಲ್ಲಿ ಓದಬಹುದು. ವಂಚನೆಯಿಲ್ಲದ ಕೊರತೆಗೆ 73: ದಂಡ ತೆರಿಗೆಯ ಶೇ. 10 ಅಥವಾ 10,000 ರೂಪಾಯಿ, ಯಾವುದು ಹೆಚ್ಚೋ ಅದು. ವಂಚನೆ, ಬುದ್ಧಿಪೂರ್ವಕ ಸುಳ್ಳುಹೇಳಿಕೆ, ಸಂಗತಿಯ ಮುಚ್ಚಿಡುವಿಕೆಗೆ 74: ದಂಡ ತೆರಿಗೆಯಷ್ಟೇ. ಆದರೆ ನೋಟಿಸು ಬರುವ ಮೊದಲೇ ತೆರಿಗೆ, ಬಡ್ಡಿಗಳೊಡನೆ ಒಪ್ಪಿಸಿದರೆ ಶೇ. 15, ನೋಟಿಸಿನ ಬಳಿಕ ನಿಗದಿತ ದಿನಗಳಲ್ಲಿ ಕೊಟ್ಟರೆ ಶೇ. 25, ಆದೇಶದ ಬಳಿಕವಾದರೆ ಶೇ. 50. ಕಂಡ ಮೇಲಿನ ಒಪ್ಪಿಗೆಗೂ ಕಾಣುವ ಮುನ್ನಿನ ಒಪ್ಪಿಗೆಗೂ ಬೆಲೆ ಬೇರೆ ಎಂಬ ಆರಾಧನಾಕಾರರ ವಿವೇಕವೇ ಇದು. ಆದರೆ ಈ ಎರಡು ಕಲಮುಗಳಲ್ಲಿ ಒಂದು ತೊಡಕು ಅಡಗಿತ್ತು. 73ರಲ್ಲಿ ಆದೇಶಕ್ಕೆ ಮೂರು ವರ್ಷದ ಗಡುವು, 74ರಲ್ಲಿ ಐದು ವರ್ಷದ್ದು. ಗಡುವು ಮೀರಿದ ಕಡತ ಕೈಗೆ ಬಂದಾಗ ಅಧಿಕಾರಿಗೆ ಉಳಿಯುವ ದಾರಿ, ತಪ್ಪನ್ನು ವಂಚನೆಯೆಂದು ಕರೆಯುವುದೇ. 2024-25ನೆಯ ಸಾಲಿನಿಂದ ಜಾರಿಗೆ ಬಂದ 74ಎ ಕಲಮು ಎರಡಕ್ಕೂ ಒಂದೇ ಗಡುವನ್ನಿಟ್ಟಿತು. ದಂಡದ ವ್ಯತ್ಯಾಸ ಮಾತ್ರ ಉಳಿದಿದೆ.

ಬೆಂಗಳೂರಿನದೇ ಮೊಕದ್ದಮೆಯೊಂದು ಈ ತೊಡಕನ್ನು ಬಯಲಿಗೆ ತಂದಿತು. ವಿದೇಶಿ ಸಮೂಹದ ನೌಕರರನ್ನು ಇಲ್ಲಿನ ಕಂಪನಿಗೆ ನಿಯೋಜಿಸಿದರೆ ಅದು ಮಾನವಶಕ್ತಿ ಪೂರೈಕೆಯ ಸೇವೆಯೇ, ಅದಕ್ಕೆ ಸೇವಾ ತೆರಿಗೆ ಇದೆಯೇ ಎಂಬುದು ನಾರ್ದರ್ನ್ ಆಪರೇಟಿಂಗ್ ಸಿಸ್ಟಮ್ಸ್ ಪ್ರಕರಣದ ಪ್ರಶ್ನೆ. 2022ರ ಮೇ 19ರಂದು ಸುಪ್ರೀಂ ಕೋರ್ಟ್ ತೆರಿಗೆ ಇದೆ ಎಂದಿತು. ಅದೇ ತೀರ್ಪಿನಲ್ಲಿ, ಕಂಪನಿಯ ನಿಲುವು ಪ್ರಾಮಾಣಿಕವಾದುದಾದ್ದರಿಂದ ಮುಚ್ಚಿಡುವಿಕೆಯ ಆರೋಪದ ಮೇಲೆ ವಿಸ್ತೃತ ಕಾಲಾವಧಿಯನ್ನು ಬಳಸಲಾಗದೆಂದೂ ಹೇಳಿತು. ಕಂಪನಿ ಕಾನೂನಿನಲ್ಲಿ ಸೋತು ಉದ್ದೇಶದಲ್ಲಿ ಗೆದ್ದಿತು. ವಿಚಿತ್ರವೆಂದರೆ, ತೀರ್ಪಿನ ಮೊದಲರ್ಧವನ್ನು ಮಾತ್ರ ಹಿಡಿದು ಅಧಿಕಾರಿಗಳು ಇತರ ಕಂಪನಿಗಳಿಗೆ 74ನೆಯ ಕಲಮಿನ ನೋಟಿಸುಗಳನ್ನು ಕಳಿಸತೊಡಗಿದರು. 2023ರ ಡಿಸೆಂಬರ್ 13ರಂದು ಮಂಡಳಿಯೇ ಸೂಚನೆ ಹೊರಡಿಸಿ, ತೆರಿಗೆ ಕಟ್ಟಿಲ್ಲವೆಂಬುದಷ್ಟರಿಂದಲೇ 74 ಅನ್ವಯವಾಗದು, ವಂಚನೆಗೆ ಸಾಕ್ಷ್ಯ ಬೇಕು ಎಂದು ತಿಳಿಹೇಳಬೇಕಾಯಿತು.

ಆದಾಯ ತೆರಿಗೆಯಲ್ಲಿ ಈ ಜಗ್ಗಾಟ ಇನ್ನೂ ಹಳೆಯದು. 1961ರ ಕಾಯಿದೆಯ 271ನೆಯ ಕಲಮಿನಲ್ಲಿ ತಪ್ಪು ವಿವರಗಳನ್ನು ‘ಬುದ್ಧಿಪೂರ್ವಕವಾಗಿ’ ಕೊಡುವುದು ಎಂದಿತ್ತು. 1964ರಲ್ಲಿ ಆ ಒಂದು ಪದವನ್ನು ತೆಗೆದುಹಾಕಲಾಯಿತು. ಪದ ಹೋದರೂ ಪ್ರಶ್ನೆ ಹೋಗಲಿಲ್ಲ. 2012ರಲ್ಲಿ ಕರ್ನಾಟಕ ಹೈಕೋರ್ಟ್ ಮಂಜುನಾಥ ಕಾಟನ್ ಅಂಡ್ ಜಿನ್ನಿಂಗ್ ಫ್ಯಾಕ್ಟರಿ ಪ್ರಕರಣದಲ್ಲಿ ನೀಡಿದ ತೀರ್ಪು ದೇಶದಾದ್ಯಂತ ಉದ್ಧರಿಸಲ್ಪಡುತ್ತದೆ. ದಂಡ ವಿಧಿಸಲು ದುರುದ್ದೇಶ ಸಾಬೀತಾಗಲೇಬೇಕೆಂದಿಲ್ಲ ಎಂಬುದನ್ನು ನ್ಯಾಯಾಲಯ ಒಪ್ಪಿತು. ಆದರೆ ಆದಾಯವನ್ನು ಮರೆಮಾಚಿದ್ದೋ, ವಿವರವನ್ನು ತಪ್ಪಾಗಿ ಕೊಟ್ಟಿದ್ದೋ, ಯಾವ ಆರೋಪವೆಂದು ನೋಟಿಸಿನಲ್ಲಿ ಸ್ಪಷ್ಟವಾಗಿ ಹೇಳಬೇಕು. ಎಲ್ಲ ಕಾರಣಗಳನ್ನೂ ಅಚ್ಚುಹಾಕಿದ ನಮೂನೆಯಲ್ಲಿ ಅನ್ವಯಿಸದ್ದನ್ನು ಹೊಡೆದುಹಾಕದೆ ಕಳುಹಿಸಿದರೆ ಅದು ನೋಟಿಸೇ ಅಲ್ಲ ಎಂದಿತು. ಗುಮಾಸ್ತನೊಬ್ಬ ಪೆನ್ನಿನಿಂದ ಒಂದು ಗೆರೆ ಎಳೆಯದಿದ್ದುದು ದೊಡ್ಡ ಸಂಗತಿಯೇ ಎಂದು ಕೇಳುವವರಿದ್ದಾರೆ. ಹೌದು, ಏಕೆಂದರೆ ಆ ಗೆರೆಯನ್ನು ಎಳೆಯುವ ಮೊದಲು ಅಧಿಕಾರಿ ಯೋಚಿಸಲೇಬೇಕು. ಮುಂದೆ 270ಎ ಕಲಮು ಬಂದು ಕಡಿಮೆ ತೋರಿಸಿದ್ದಕ್ಕೆ ತೆರಿಗೆಯ ಶೇ. 50, ತಪ್ಪಾಗಿ ಬಿಂಬಿಸಿದ್ದಕ್ಕೆ ಶೇ. 200 ಎಂದು ಎರಡು ಅಂತಸ್ತುಗಳನ್ನು ಕಟ್ಟಿತು.

ಉಳಿದುದು ಹೊಣೆ ಯಾರ ತಲೆಯ ಮೇಲೆ ಎಂಬುದು. ತತ್ತ್ವಾರ್ಥಸೂತ್ರ ಕ್ರಿಯೆಯನ್ನು ಕೃತ, ಕಾರಿತ, ಅನುಮತ ಎಂದು ಮೂರಾಗಿ ವಿಂಗಡಿಸುತ್ತದೆ: ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು. ಕಂಪನಿಯೆಂಬ ದೇಹವಿಲ್ಲದ ವ್ಯಕ್ತಿಗೆ ಕರ್ಮಬಂಧವಿಲ್ಲ, ಅದರೊಳಗಿನವರಿಗಿದೆ. ಜಿಎಸ್‌ಟಿಯ 137ನೆಯ ಕಲಮು ವ್ಯವಹಾರದ ಉಸ್ತುವಾರಿ ಹೊತ್ತವರನ್ನೂ, ಸಮ್ಮತಿ, ಶಾಮೀಲು ಅಥವಾ ನಿರ್ಲಕ್ಷ್ಯ ತೋರಿದ ನಿರ್ದೇಶಕರನ್ನೂ ಅಪರಾಧಿಗಳೆನ್ನುತ್ತದೆ. ಸರಕೇ ಇಲ್ಲದ ಬಿಲ್ಲುಗಳನ್ನು ಮಾರುವ ದಂಧೆಯಲ್ಲಿ ಚಾಲಕರ, ಕೂಲಿಗಳ ಹೆಸರಿನಲ್ಲಿ ನೋಂದಣಿ ಮಾಡಿಸಿ ಲಾಭವನ್ನು ಬೇರೊಬ್ಬರು ಉಣ್ಣುವುದು ಬೆಳಕಿಗೆ ಬಂದಾಗ, ಲಾಭ ಉಂಡವನನ್ನೇ ಹಿಡಿಯುವ 122(1ಎ) ಉಪಕಲಮು 2021ರಿಂದ ಜಾರಿಗೆ ಬಂತು. ಕಾರಿತವನ್ನು ಕಾನೂನು ತಡವಾಗಿಯಾದರೂ ಗುರುತಿಸಿತು. ಆದರೆ 135ನೆಯ ಕಲಮು ಆರೋಪಿಯ ಮನಸ್ಸಿನಲ್ಲಿ ದೋಷವಿತ್ತೆಂದೇ ಮೊದಲು ಭಾವಿಸುತ್ತದೆ. ಇರಲಿಲ್ಲವೆಂದು ತೋರಿಸುವ ಹೊರೆ ಅವನದೇ. ದೊಡ್ಡ ಕಂಪನಿಗೆ ಕಡತಗಳಿವೆ, ವಕೀಲರಿದ್ದಾರೆ. ಚಿಕ್ಕಬಾಣಾವರದಂಥಲ್ಲಿ ಅಣ್ಣತಮ್ಮಂದಿರು ಪಾಲುದಾರಿಕೆಯಲ್ಲಿ ಶೆಡ್ಡು ನಡೆಸಿ, ತಮ್ಮ ಬೇರೆಯಾಗಿ ಹೋದ ಸುದ್ದಿಯನ್ನು ಒಂದು ತಿಂಗಳೊಳಗೆ ಆಯುಕ್ತರಿಗೆ ತಿಳಿಸದಿದ್ದರೆ, 90ನೆಯ ಕಲಮಿನಡಿ ಆ ತಿಳಿವಳಿಕೆ ತಲಪುವ ದಿನದವರೆಗಿನ ಬಾಕಿಗೆ ತಮ್ಮನೂ ಸ್ವಂತ ಆಸ್ತಿಯಿಂದ ಹೊಣೆ. ಅವನು ಮಾಡಲಿಲ್ಲ, ಮಾಡಿಸಲಿಲ್ಲ, ಸಮ್ಮತಿಸಲೂ ಇಲ್ಲ. ಪತ್ರ ಬರೆಯಲು ಮರೆತ.

2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಪಾವತಿಗಳ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ಚಹಾದಂಗಡಿ, ತರಕಾರಿ ಅಂಗಡಿಗಳಿಗೆ ನೋಟಿಸು ಕಳಿಸಿತು. ಸರಕಿನ ವ್ಯಾಪಾರಕ್ಕೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ಮೀರಿದರೆ ನೋಂದಣಿ ಕಡ್ಡಾಯ. ಅದನ್ನು ಮೀರಿಯೂ ನೋಂದಾಯಿಸದವರು ಅವರಲ್ಲಿ ಇರಲಿಲ್ಲವೆಂದೇನಲ್ಲ. ಆದರೆ ಮೊತ್ತದಲ್ಲಿ ತೆರಿಗೆಯೇ ಇಲ್ಲದ ಹಾಲು, ತರಕಾರಿಗಳೂ ಸೇರಿದ್ದವು, ಕೈಗಡವಾಗಿ ಬಂದ ಹಣವೂ ಸೇರಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ಬೇಡಿಕೆ ಹೋದ ಸುದ್ದಿ ಪತ್ರಿಕೆಗಳಲ್ಲಿ ಬಂತು. 1969ರಲ್ಲೇ ಹಿಂದೂಸ್ತಾನ್ ಸ್ಟೀಲ್ ಪ್ರಕರಣದಲ್ಲಿ, ನೋಂದಣಿ ಮಾಡಿಸದ ತಪ್ಪಿನ ಸಂದರ್ಭದಲ್ಲಿಯೇ, ಕಾನೂನನ್ನು ಬೇಕೆಂದೇ ಧಿಕ್ಕರಿಸದವನ ಮೇಲೆ ದಂಡ ಹೇರುವುದು ಸಾಮಾನ್ಯವಾಗಿ ಸಲ್ಲದೆಂದು ಸುಪ್ರೀಂ ಕೋರ್ಟ್ ಹೇಳಿತ್ತು. ವ್ಯಾಪಾರಿಗಳು ಜುಲೈ 25ಕ್ಕೆ ಬಂದ್ ಕರೆ ಕೊಟ್ಟರು. ಅದಕ್ಕೆ ಎರಡು ದಿನ ಮೊದಲು ಮುಖ್ಯಮಂತ್ರಿಗಳು ಸಭೆ ಕರೆದು, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದ ಬಳಿಕ ಬಿಸಿ ತಣಿಯಿತು. ಅಷ್ಟರೊಳಗೆ ನಗರದ ಎಷ್ಟೋ ಅಂಗಡಿಗಳ ಗಲ್ಲಾಪೆಟ್ಟಿಗೆಯ ಮುಂದಿನಿಂದ ಕ್ಯೂಆರ್ ಕೋಡಿನ ಫಲಕಗಳು ಹೋಗಿದ್ದವು. ಆ ಜಾಗದಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಅಂಟಿದ್ದವು.